ಕಮಾನಿನ ಮೇಲಿನ ಇಸವಿ

ಮನೆ ಬಾಗಲಕೋಟೆಯಲ್ಲಿ, ಕೆಲಸ ಊರೂರು ತಿರುಗೋದು. ಊರಿನ ಇತಿಹಾಸ ಕೂಟದವರು, ಜಾತ್ರಾ ಕಮಿಟಿಯವರು ಕರೆದಲ್ಲಿಗೆ ಹೋಗಿ ಅಲ್ಲಿನ ಶಾಸನ, ವೀರಗಲ್ಲುಗಳ ಬಗ್ಗೆ ಮಾತಾಡುತ್ತೇನೆ. ಜನ ಒಪ್ಪಿದರೆ ಎರಡು ದಿನ ಕೂತು, ಕಲ್ಲು ಓದೋದು ಹೇಗೆ ಅಂತ ಕಲಿಸುತ್ತೇನೆ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆದಿಡಬೇಕು ಅನ್ನಿಸಿದೆ. ಇದೇ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಈಗ ಬಹಳ ಇದ್ದಾರೆ.

ಮಲಪ್ರಭೆ ದಂಡೆಯ ಒಂದು ಊರು. ಗುಡಿಯ ಎಡಕ್ಕೆ ಎದೆಮಟ್ಟದ ಶಾಸನ. ಮೇಲೆ ಸೂರ್ಯ, ಚಂದ್ರ, ಲಿಂಗ, ಆಕಳು-ಕರು. ಕೆಳಗೆ ಸಾಲು ಸಾಲು ಅಕ್ಷರ. ಯಾರೋ ಭಕ್ತರು ಅಕ್ಷರ ಎದ್ದು ಕಾಣಲಿ ಅಂತ ಬಿಳಿ ಆಯಿಲ್ ಪೇಂಟ್ ತುಂಬಿದ್ದರು. ನಮ್ಮ ಭಾಗದಲ್ಲಿ ಇದು ಹೊಸದಲ್ಲ, ಕಲ್ಲಿನ ಮೇಲಿನ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಬಳಿದವರಿಗೆ ಹಳೆಯ ಲಿಪಿ ಗೊತ್ತಿರೋದಿಲ್ಲ. ಕುಂಚ ಹೋದಲ್ಲಿ ಅಕ್ಷರ ಹೋಗುತ್ತದೆ.

ಅವತ್ತು ಉಪನ್ಯಾಸಕ್ಕೆ ಇನ್ನೂ ಒಂದು ತಾಸು ಇತ್ತು. ನಡುಮಧ್ಯಾಹ್ನದ ಬಿಸಿಲು, ಕಲ್ಲಿನ ಮೇಲೆ ನೆರಳೇ ಇಲ್ಲ. 'ಶ್ರೀಮಚ್ಚಾಳುಕ್ಯವಿಕ್ರಮವರ್ಷದ' ಅನ್ನೋದು ತಟ್ಟನೆ ಸಿಕ್ಕಿತು, ಅದರ ಮುಂದೆ 26. ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಶಕವರ್ಷ ಬಿಟ್ಟು ತನ್ನ ಹೆಸರಿನಲ್ಲೇ ಎಣಿಕೆ ಶುರು ಮಾಡಿದ. ಆ ವರ್ಷಕ್ಕೆ 1075 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಮನಸ್ಸಿನಲ್ಲೇ ಕೂಡಿಸಿದೆ, 1101. ಅಂಕಿಯ ಮುಂದಿನ ಎರಡು ಅಕ್ಷರಕ್ಕೆ ಎಣ್ಣೆ, ಕುಂಕುಮ, ಮಸಿ ಹತ್ತಿ ಗಟ್ಟಿಯಾಗಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋದೆ. ಬಿಡಬಾರದಿತ್ತು.

ಸಂಜೆ ಮೈಕಿನಲ್ಲಿ ಹೇಳಿದೆ: ನಿಮ್ಮ ಗುಡಿಗೆ ದತ್ತಿ ಬಿಟ್ಟದ್ದು 1101ರಲ್ಲಿ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು.

ನಾಲ್ಕು ತಿಂಗಳ ಮೇಲೆ ಕಾರ್ಯಾಗಾರಕ್ಕೆ ಅಂತ ಅದೇ ಊರಿಗೆ ಹೋದೆ. ಊರ ಬಾಗಿಲಲ್ಲಿ ಹೊಸ ಕಮಾನು, ಅದರ ಮೇಲೆ ದೇವರ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ 'ಕ್ರಿ.ಶ. 1101'. ಜಾತ್ರೆಯ ಕರಪತ್ರದಲ್ಲೂ ಅದೇ ಇಸವಿ. ನೋಡಿ ಹೆಮ್ಮೆಯಾಯಿತು.

ಮೊದಲ ದಿನ ಕತ್ತಲಾದ ಮೇಲೆ ಟಾರ್ಚ್ ಪಾಠ. ಟಾರ್ಚನ್ನು ಕಲ್ಲಿಗೆ ನೇರವಾಗಿ ಹಿಡಿದರೆ ಏನೂ ಕಾಣೋದಿಲ್ಲ. ಪಕ್ಕಕ್ಕೆ ನಿಂತು, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಬೇಕು. ಆಗ ಉಳಿ ಬಿದ್ದ ಪ್ರತಿ ಗೀರಿನಲ್ಲೂ ನೆರಳು ತುಂಬುತ್ತದೆ. ಬರೀ ನೀರು, ಮೆತ್ತನೆಯ ಬ್ರಷ್ ಹಿಡಿದು ಮೇಲಿನ ಧೂಳು, ಮಸಿ ತೆಗೆದಿದ್ದೆವು. ತಂತಿ ಬ್ರಷ್, ಸೋಪಿನ ಪುಡಿ, ಆಸಿಡ್ ಇವನ್ನು ನಾನು ಮುಟ್ಟಗೊಡೋದಿಲ್ಲ. ಟಾರ್ಚ್ ಹಿಡಿದಿದ್ದ ಡಿಗ್ರಿ ಓದುವ ಹುಡುಗಿ ಅಂದಳು: "ಸರ್ರ, ಇಲ್ಲಿ 'ಖರ' ಅಂತ ಐತಿ ನೋಡ್ರಿ."

ನನ್ನ ಕೈ ತಣ್ಣಗಾಯಿತು. ಸಂವತ್ಸರ ಅರವತ್ತು. ಅವುಗಳ ಸಾಲು ತಪ್ಪೋದಿಲ್ಲ. ವಿಕ್ರಮವರ್ಷದ ಮೊದಲನೆಯದು ನಳ ಸಂವತ್ಸರ. ಅಲ್ಲಿಂದ ಎಣಿಸಿದರೆ 26ನೆಯದು ವೃಷ. ಖರ ಬರೋದು 36ಕ್ಕೆ. ಟಾರ್ಚ್ ಇಸಿದುಕೊಂಡು ಅಂಕಿಯ ಮೇಲೆ ಅಡ್ಡ ಹಿಡಿದೆ. ಬಿಳಿ ಪೇಂಟು ೨ ಅಂತ ಹೇಳುತ್ತಿತ್ತು. ಅದರ ಅಂಚಿನಲ್ಲಿ ಉಳಿಯ ಗೀರು ಇನ್ನೊಂದು ಸುತ್ತು ಹಾಕಿ ನಿಂತಿತ್ತು. ಅದು ೩. ಅಂದರೆ 1111.

ಮರುದಿನ ಬೆಳಗ್ಗೆ ಕಮಿಟಿಯ ಹಿರಿಯರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಹತ್ತ ವರ್ಷ ಹಿಂದ ಮುಂದ ಆದ್ರ ಏನಾತ್ರೀ ಸರ್ರ, ಒಂಬೈನೂರು ವರ್ಷದ ಮಾತು" ಅಂದರು. ಸಮಾಧಾನ ಮಾಡಲಿಕ್ಕೆ ಹೇಳಿದ ಮಾತು, ನನಗೆ ಗೊತ್ತು. ಆದರೂ ಒಪ್ಪಿಕೊಳ್ಳಲಿಲ್ಲ. ಈ ಕಲ್ಲಿನಲ್ಲಿ ಹೆಸರಿರುವ ಅಧಿಕಾರಿ ಆಚೆ ಊರಿನ ಕಲ್ಲಿನಲ್ಲೂ ಇರಬಹುದು. ಯಾರು ಯಾರ ನಂತರ ಬಂದರು, ಯಾವ ಗುಡಿಗೆ ಮೊದಲು ದತ್ತಿ ಸಿಕ್ಕಿತು ಅನ್ನೋದೆಲ್ಲ ಇಂಥ ಇಸವಿಗಳ ಮೇಲೆಯೇ ನಿಂತಿರುತ್ತದೆ. ಕರಪತ್ರ ನೋಡಿದ ಒಬ್ಬ ಮೇಷ್ಟ್ರು ಬರೆದುಕೊಳ್ಳುತ್ತಾರೆ, ಅವರ ವಿದ್ಯಾರ್ಥಿ ಪ್ರಬಂಧಕ್ಕೆ ಹಾಕುತ್ತಾನೆ. ಆಮೇಲೆ ತಿದ್ದೋದು ಯಾರು? ಅವತ್ತು ಸಂಜೆ ಅದೇ ಮೈಕಿನಲ್ಲಿ ನಿಂತು, ನಾನು ಹೇಳಿದ್ದು ತಪ್ಪು, ಸರಿಯಾದದ್ದು ಓದಿದ್ದು ಈ ತಂಗಿ ಅಂತ ಹೇಳಿದೆ. ಕಮಾನಿನ ಬರಹ ಬದಲಿಸುವ ಖರ್ಚನ್ನು ನಾನೇ ಕೊಟ್ಟೆ.

ಅಲ್ಲಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಮೊದಲ ಉಪನ್ಯಾಸದಲ್ಲಿ ಆ ಊರಿನ ಕಲ್ಲಿನ ಇಸವಿ ಹೇಳೋದಿಲ್ಲ, ಎಷ್ಟೇ ಕೇಳಿದರೂ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಶಾಸನದಿಂದ ಶುರು ಮಾಡುತ್ತೇನೆ. ರವಿಕೀರ್ತಿ ಅಲ್ಲಿ ಕಾಲವನ್ನು ಎರಡು ಲೆಕ್ಕದಲ್ಲಿ ಕೊಟ್ಟಿದ್ದಾನೆ: ಭಾರತ ಯುದ್ಧವಾಗಿ 3735 ವರ್ಷ, ಶಕವರ್ಷ 556. ನಮ್ಮ ಲೆಕ್ಕಕ್ಕೆ ಅದು 634-35. ಒಂದನ್ನು ಇನ್ನೊಂದರಿಂದ ತಾಳೆ ನೋಡಬಹುದು. ನಮ್ಮ ಊರುಗಳ ಸಣ್ಣ ಕಲ್ಲುಗಳಲ್ಲೂ ವರ್ಷದ ಪಕ್ಕ ಸಂವತ್ಸರ, ಮಾಸ, ತಿಥಿ, ವಾರ ಇರುತ್ತವೆ. ಅಂಕಿ ಒಂದೇ ನೋಡಿ ಎದ್ದು ಬರಬೇಡಿ ಅಂತ ಹೇಳೋದು ಈಗ ನನ್ನ ಪಾಠದ ಮೊದಲ ಮಾತು.

ಕಾರ್ಯಾಗಾರದಲ್ಲಿ ನಾಲ್ಕು ಗುಂಪು. ಒಂದು ಗುಂಪು ಓದಿದ್ದನ್ನು ಇನ್ನೊಂದು ಗುಂಪು ನೋಡುವ ಹಾಗಿಲ್ಲ. ಎಲ್ಲರೂ ಪೆನ್ಸಿಲ್‌ನಲ್ಲಿ ಬರೆಯಬೇಕು. ಕಾಣದ ಅಕ್ಷರಕ್ಕೆ ಚುಕ್ಕಿ. ಊಹೆ ಮಾಡಿ ತುಂಬಿಸುವ ಹಾಗಿಲ್ಲ. ನಾಲ್ಕೂ ಹಾಳೆ ಒಟ್ಟಿಗಿಟ್ಟಾಗ ಜಗಳ ಬೀಳುವ ಜಾಗ ಇರುತ್ತದಲ್ಲ, ಅಲ್ಲೇ ಟಾರ್ಚ್ ಹಿಡಿದು ಮತ್ತೆ ಕೂರೋದು. ವ, ಮ ಎರಡರ ನಡುವಿನ ಜಗಳವೇ ಹೆಚ್ಚು. ಕಾಗದ ಒದ್ದೆ ಮಾಡಿ ಬಡಿದು ಮಸಿ ಒತ್ತಿ ಅಚ್ಚು ತೆಗೆಯೋದನ್ನೂ ಕಲಿಸುತ್ತೇನೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲಾದರೆ ಅನುಮತಿ ಇಲ್ಲದೆ ಕೈ ಹಚ್ಚೋದಿಲ್ಲ.

ಜನರಿಗೆ ರಾಜನ ಬಿರುದಿಗಿಂತ ಕೆಳಗಿನ ಸಾಲುಗಳು ಹೆಚ್ಚು ಹಿಡಿಸುತ್ತವೆ, ನನಗೂ ಅಷ್ಟೇ. ಎಷ್ಟು ಮತ್ತರು ಹೊಲ, ಎಷ್ಟು ಕಮ್ಮ ತೋಟ, ನಂದಾದೀಪಕ್ಕೆ ಗಾಣದವರು ಕೊಡಬೇಕಾದ ಎಣ್ಣೆ ಎಷ್ಟು ಸೊಲ್ಲಗೆ. ಹೊಲದ ಎಲ್ಲೆ ಹೇಳುವಾಗ ಹಳ್ಳದ ಹೆಸರು ಬಂದರೆ, ಕೂತ ರೈತರಲ್ಲಿ ಯಾರಾದರೊಬ್ಬರು ಎದ್ದು, "ಅದು ನಮ್ಮ ಹೊಲದ ಬಾಜೂದ್ದರೀ" ಅಂದೇ ಅನ್ನುತ್ತಾರೆ.

ಮೊನ್ನೆ ಅದೇ ಊರಿನಲ್ಲಿ ಇನ್ನೊಂದು ಕಲ್ಲು ಸಿಕ್ಕಿತು ಅಂತ ಕರೆದರು. ಬಾವಿ ಕಟ್ಟೆಗೆ ಮಗುಚಿ ಹಾಕಿದ್ದ ತುಂಡು, ಹನ್ನೊಂದು ಸಾಲು ಉಳಿದಿತ್ತು. ಕಮಾನು ಬರೆದ ಪೇಂಟರ್ ಕಾಕಾ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಓದಿ ಮುಗಿಸಿದ ಕೂಡಲೇ ಕೇಳಿದರು, "ಸರ್ರ, ಇದು ಪೆನ್ಸಿಲ್ಲೋ, ಪೇಂಟೋ?"

"ಇನ್ನಾ ಪೆನ್ಸಿಲ್ ಅದರೀ ಕಾಕಾ" ಅಂದೆ. ಅವರು ತಲೆಯಾಡಿಸಿ, ಟಾರ್ಚ್ ಇಸಿದುಕೊಂಡು ಕಲ್ಲಿನ ಪಕ್ಕ ಬಂದು ಕೂತರು.