ಜಮಖಾನವನ್ನು ಯಾವ ಸೋಪಿನಲ್ಲಿ ತೊಳೆಯುತ್ತೀರಿ?

ನಮ್ಮ ಮನೆಗೆ ಬಂದವರು ಚಹಾ ಕುಡಿದು ಕಪ್ಪು ಕೆಳಗಿಡುವಾಗ ನೆಲದ ಮೇಲಿನ ಜಮಖಾನವನ್ನೊಮ್ಮೆ ಮುಟ್ಟಿ ನೋಡುತ್ತಾರೆ. ಆಮೇಲೆ ಪ್ರಶ್ನೆ ಬಂದೇ ಬರುತ್ತದೆ: "ಇಷ್ಟು ವರ್ಷವಾದರೂ ಬಣ್ಣ ಹೋಗಿಲ್ಲವಲ್ಲ, ಯಾವ ಸೋಪಿನಲ್ಲಿ ತೊಳೆಯುತ್ತೀರಿ?" ತೊಳೆಯುವುದೇ ಅಪರೂಪ ಎಂದರೆ ನಂಬುವುದಿಲ್ಲ. ಒಬ್ಬಿಬ್ಬರು ಮುಟ್ಟಿದ ಕೈಯನ್ನು ಮೆಲ್ಲಗೆ ಸೆರಗಿಗೆ ಒರೆಸಿಕೊಂಡದ್ದೂ ಉಂಟು. ಪ್ರತಿ ಸಲ ನಿಂತು ವಿವರಿಸುವ ಬದಲು ಒಮ್ಮೆ ಬರೆದೇ ಬಿಡೋಣ ಎಂದು ಕೂತಿದ್ದೇನೆ.

ಇದು ನವಲಗುಂದದ ಜಮಖಾನ. 1996ರಲ್ಲಿ ನನ್ನ ಮದುವೆಗೆಂದು ಅಪ್ಪ ಕೊಂಡು ತಂದದ್ದು. ನಡುವೆ ಪಗಡೆ ಹಾಸು, ಎರಡು ತುದಿಗೂ ನವಿಲು, ಸುತ್ತ ಕಪ್ಪು ಅಂಚು. ನವಲಗುಂದ ಇರುವುದು ನಮ್ಮ ಧಾರವಾಡ ಜಿಲ್ಲೆಯಲ್ಲೇ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದ ಕಡೆಯಿಂದ ಬಂದ ನೇಕಾರರು ಅಲ್ಲಿ ನೆಲೆ ನಿಂತರೆಂದು ಹೇಳುತ್ತಾರೆ. ಈಗಲೂ ಅದನ್ನು ನೇಯುವವರು ಹೆಣ್ಣುಮಕ್ಕಳೇ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಬಣ್ಣದ ಹತ್ತಿನೂಲನ್ನು ಕೈಯಿಂದಲೇ ಹೊಗಿಸಿ, ಒಂದೊಂದು ಎಳೆಯನ್ನೂ ಬಡಿದು ಕೂರಿಸುತ್ತಾರೆ. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಎಂಬ ಭೌಗೋಳಿಕ ಗುರುತು, ಸಿಕ್ಕಿತು. ಆದರೆ ಮಾನ್ಯತೆ ಸಿಕ್ಕ ಮಾತ್ರಕ್ಕೆ ಮಗ್ಗದ ಮುಂದೆ ಕೂರುವವರು ಹೆಚ್ಚಾಗಲಿಲ್ಲ. ಆ ಕಥೆ ಬೇರೆಯೇ ಇದೆ, ಇಲ್ಲಿ ಬೇಡ.

ಜಮಖಾನವನ್ನು ಹಾಳು ಮಾಡುವುದು ಕಲೆ ಎಂದು ಎಲ್ಲರೂ ತಿಳಿದಿದ್ದಾರೆ. ಕಲೆಯಿಂದ ಕಣ್ಣಿಗೆ ಕೆಡುಕು, ನೂಲಿಗೆ ಅಷ್ಟೇನಿಲ್ಲ. ನೂಲನ್ನು ತಿನ್ನುವುದು ಧೂಳು. ಅದರಲ್ಲೂ ನಾವಿರುವುದು ಹುಬ್ಬಳ್ಳಿಯಲ್ಲಿ! ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಆ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ, ಅವುಗಳ ಅಂಚು ಗಾಜಿನ ಚೂರಿನಂತೆ ಹರಿತ. ಅವು ನೇಯ್ಗೆಯ ಸಂದಿಯಲ್ಲಿ ಇಳಿದು ಬುಡದಲ್ಲಿ ಕೂರುತ್ತವೆ. ನಾವು ಮೇಲೆ ಓಡಾಡಿದಾಗಲೆಲ್ಲ ಒಂದೊಂದು ಕಣವೂ ನೂಲನ್ನು ಕೊಯ್ಯುತ್ತದೆ. ಬಾಗಿಲಿನಿಂದ ಸೋಫಾಕ್ಕೆ ಹೋಗುವ ದಾರಿಯಲ್ಲಿ ಮಾತ್ರ ಹಾಸು ಸವೆಯುವುದು ಇದರಿಂದಲೇ.

ನನಗೆ ಇದು ಅರ್ಥವಾದದ್ದು ಅತ್ತೆಯವರಿಂದ. ಮದುವೆಯಾದ ಮೊದಲ ವರ್ಷ, ಸಂಕ್ರಾಂತಿ ಮುಗಿದ ಮೇಲೆ, ನಾನು ಬಕೆಟ್ಟು ಸೋಪಿನ ಪುಡಿ ಹಿಡಿದು ಜಮಖಾನ ಒಗೆಯಲು ಹೊರಟಿದ್ದೆ. ಅವರು ಏನೂ ಹೇಳದೆ ಮಾವನವರ ಹಳೆಯ ಬಿಳಿ ಧೋತರವೊಂದನ್ನು ಅಂಗಳದಲ್ಲಿ ಹಾಸಿ, ಅದರ ಮೇಲೆ ಜಮಖಾನವನ್ನು ಮಗುಚಿ ಹಾಕಿಸಿದರು. "ಈಗ ಇದರ ಮೇಲೆ ನಡೆ" ಎಂದರು. ಹತ್ತು ನಿಮಿಷ ಹಿಂದೆ ಮುಂದೆ ನಡೆದೆ. ಆಮೇಲೆ ಬೆತ್ತದಿಂದ ಮೆಲ್ಲಗೆ ತಟ್ಟಿದೆ. ಎತ್ತಿ ನೋಡಿದರೆ ಧೋತರದ ಮೇಲೆ ಬೂದು ಬಣ್ಣದ ಇನ್ನೊಂದು ಜಮಖಾನ ಬಿದ್ದಿತ್ತು! ಮುದುರಿ ಸುರಿದಾಗ ಚಹಾ ಲೋಟದ ತುಂಬ ಧೂಳು. ನಿನ್ನೆಯಷ್ಟೇ ಮೇಲಿನಿಂದ ಗುಡಿಸಿದ್ದ ಹಾಸು ಅದು. "ಇದಕ್ಕೆ ನೀರು ಹಾಕಿದ್ದರೆ ಏನಾಗುತ್ತಿತ್ತು?" ಎಂದು ಕೇಳಿದರು. ಉತ್ತರ ನನಗೂ ಗೊತ್ತಿತ್ತು, ಕೆಸರು.

ಅಂದಿನಿಂದ ನನ್ನ ಪದ್ಧತಿ ಇಷ್ಟೇ. ದಿನವೂ ಕಸಬರಿಗೆಯಿಂದ ಮೇಲೆ ಮೇಲೆ ಗುಡಿಸುವುದು. ತಿಂಗಳಿಗೊಮ್ಮೆ ಮಗುಚಿ ಹಾಕಿ ಹಿಂಬದಿಯಿಂದ ತಟ್ಟುವುದು. ಜಮಖಾನಕ್ಕೆ ಎರಡೂ ಮೈ ಒಂದೇ, ಆದ್ದರಿಂದ ತಟ್ಟಿದ ಮೇಲೆ ಹಾಗೆಯೇ ಮಗುಚಿದ ಮೈಯನ್ನೇ ಮೇಲೆ ಮಾಡಿ ಹಾಸುತ್ತೇನೆ. ಆರು ತಿಂಗಳಿಗೊಮ್ಮೆ ತಲೆ ಕಾಲು ಬದಲಿಸುತ್ತೇನೆ, ಕಿಟಕಿಯ ಬಿಸಿಲು ಒಂದೇ ಕಡೆ ಬಣ್ಣ ತಿನ್ನಬಾರದಲ್ಲ. ವ್ಯಾಕ್ಯೂಮ್ ಕ್ಲೀನರ್ ಇದ್ದವರು ಅದನ್ನೇ ಬಳಸಬಹುದು. ಆದರೆ ತಿರುಗುವ ಬ್ರಷ್ ಇರುವ ಮೂತಿ ಬೇಡ, ಕುಚ್ಚಿನ ಹತ್ತಿರವಂತೂ ಬೇಡವೇ ಬೇಡ. ಒಂದು ಕುಚ್ಚು ಒಳಗೆ ಸಿಕ್ಕಿಕೊಂಡರೆ ಅಂಚಿನ ನೇಯ್ಗೆಯೇ ಬಿಚ್ಚಿಕೊಳ್ಳಲು ಶುರುವಾಗುತ್ತದೆ.

ಹಾಗಾದರೆ ನೀರೇ ತೋರಿಸುವುದಿಲ್ಲವೇ? ತೋರಿಸುತ್ತೇನೆ, ಎರಡು ಮೂರು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ. ಆಗ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ ಉರಿಯುವುದಿಲ್ಲ. ಮಳೆಗಾಲದಲ್ಲಿ ತೊಳೆದ ಜಮಖಾನ ಮೂರು ದಿನ ಒದ್ದೆಯಾಗಿಯೇ ಇದ್ದು ಬೂಷ್ಟು ಹಿಡಿಯುತ್ತದೆ, ಆ ವಾಸನೆ ಮತ್ತೆ ಬಿಡುವುದಿಲ್ಲ. ಬೆಳಿಗ್ಗೆ ತೊಳೆದದ್ದು ಸಂಜೆಯೊಳಗೆ ಬಹುಮಟ್ಟಿಗೆ ಒಣಗುವಂತಿದ್ದರೆ ಮಾತ್ರ ಕೈ ಹಾಕಿ.

ತೊಳೆಯುವ ಮೊದಲು ಬಿಳಿ ಅರಿವೆಯ ತುಂಡೊಂದನ್ನು ಒದ್ದೆ ಮಾಡಿ, ಒಂದೊಂದು ಬಣ್ಣದ ಮೇಲೂ ಒಂದು ನಿಮಿಷ ಒತ್ತಿ ಹಿಡಿದು ನೋಡಿ. ಅರಿವೆಗೆ ಕೆಂಪೋ ಕಪ್ಪೋ ಹತ್ತಿದರೆ ಅಲ್ಲಿಗೇ ಬಿಡಿ. ಆ ಜಮಖಾನಕ್ಕೆ ಒಣ ಆರೈಕೆಯೇ ಗತಿ. ಹತ್ತದಿದ್ದರೆ ಅಂಟುವಾಳ. ಇಪ್ಪತ್ತು ಇಪ್ಪತ್ತೈದು ಕಾಯಿ ಒಡೆದು ಬೀಜ ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಒಂದು ಬಕೆಟ್ಟಿಗೆ ಸಾಕಾಗುವಷ್ಟು ನೊರೆ. ಅಚ್ಚ ಬಿಳಿ ಜಮಖಾನಕ್ಕೆ ಮಾತ್ರ ಇದು ಬೇಡ, ನಸುಗಂದು ಬಣ್ಣ ಹತ್ತಬಹುದು. ಮಾಳಿಗೆಯ ಇಳಿಜಾರಿನ ಕಡೆ ಹಾಸಿ, ಮೆತ್ತನೆಯ ಬ್ರಷ್ಷಿನಿಂದ ಎಳೆಯ ಉದ್ದಕ್ಕೇ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ನೀರು ಹೊಯ್ಯಬೇಕು. ಉಳಿದ ಸೋಪು ಅಂಟಿನಂತೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ತೊಳೆದ ಮೇಲೆ ಮೊದಲಿಗಿಂತ ಬೇಗ ಕೊಳೆಯಾಯಿತು ಎಂದು ಗೊಣಗುವವರೆಲ್ಲ ಇಲ್ಲಿಯೇ ಅವಸರ ಮಾಡಿದವರು. ಹಿಂಡಬೇಡಿ. ಒಂದೇ ಹಗ್ಗಕ್ಕೆ ನೇತು ಹಾಕಬೇಡಿ, ನೀರಿನ ಭಾರಕ್ಕೆ ನಡುವೆ ಜಗ್ಗಿ ಆಕಾರ ಕೆಡುತ್ತದೆ. ನಾನು ಎರಡು ಮಂಚ ಜೋಡಿಸಿ ಹಾಸುತ್ತೇನೆ, ಗಾಳಿ ಕೆಳಗಿನಿಂದಲೂ ಆಡಬೇಕು. ವಾಷಿಂಗ್ ಮೆಷಿನ್ನಿಗೆ ಹಾಕಬಹುದೇ ಎಂದು ಕೇಳುವವರಿಗೆ: ಒದ್ದೆ ಜಮಖಾನವನ್ನು ಎತ್ತಲು ನಮ್ಮ ಮನೆಯಲ್ಲಿ ಇಬ್ಬರು ಬೇಕು. ಮೆಷಿನ್ನಿನ ಮೇಲೆ ನಿಮಗೆ ಕನಿಕರ ಇರಲಿ.

ಇದೆಲ್ಲ ಹತ್ತಿಯ ಮಾತು. ಉಣ್ಣೆಯ ರತ್ನಗಂಬಳಿಗೆ ಇನ್ನೊಂದು ಎಚ್ಚರಿಕೆ. ಬಟ್ಟೆಯ ಸೋಪಿನ ಪುಡಿಗಳಲ್ಲಿ ಈಗ ಕಿಣ್ವ ಸೇರಿಸಿರುತ್ತಾರೆ. ಹಾಲು, ಮೊಟ್ಟೆ, ರಕ್ತದ ಕಲೆಯಲ್ಲಿರುವ ಪ್ರೋಟೀನನ್ನು ಅವು ಒಡೆಯುತ್ತವೆ. ಉಣ್ಣೆಯೂ ಪ್ರೋಟೀನೇ! ಕಲೆ ಯಾವುದು, ಕಂಬಳಿ ಯಾವುದು ಎಂದು ಕಿಣ್ವಕ್ಕೆ ತಿಳಿಯುವುದಿಲ್ಲ. ರೇಷ್ಮೆಗೂ ಇದೇ ಮಾತು. ಹಿಂಬದಿಗೆ ಅಂಟು ಬಳಿದು ಬಟ್ಟೆ ಹಚ್ಚಿದ ಕಾರ್ಪೆಟ್ಟನ್ನಂತೂ ನೆನೆಸಲೇಬೇಡಿ.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಮಾರಾಟ ಮೇಳದಲ್ಲಿ ಮಿರಮಿರ ಮಿಂಚುವ ಹಾಸೊಂದನ್ನು ರೇಷ್ಮೆಯೆಂದು ನಂಬಿ ಕೊಂಡೆ. ಅದರ ಮೇಲೆ ನೀರು ಚೆಲ್ಲಿತು, ಬರೀ ನೀರು. ಒಣಗಿದ ಮೇಲೆ ಆ ಜಾಗ ಹಳದಿಯಾಗಿ, ಸೆಟೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಂತಾಯಿತು. ಅದು ವಿಸ್ಕೋಸ್. ಮರದ ತಿರುಳಿನಿಂದ ಮಾಡುವ ಈ ನೂಲು ಒದ್ದೆಯಾದಾಗ ಬಹಳಷ್ಟು ಬಲ ಕಳೆದುಕೊಳ್ಳುತ್ತದೆ, ಉಜ್ಜಿದರೆ ಮುಗಿದೇ ಹೋಯಿತು. ಕುಚ್ಚಿನಿಂದಲ್ಲ, ಹೊಳೆಯುವ ಮೈಯಿಂದಲೇ ಒಂದು ಎಳೆ ಕಿತ್ತು ಸುಟ್ಟು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು: ಉಣ್ಣೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಹತ್ತಿ, ವಿಸ್ಕೋಸ್ ಸುಟ್ಟರೆ ಕಾಗದದ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಾರುವವರ ಮುಂದೆ ಬೆಂಕಿಕಡ್ಡಿ ಗೀರುವ ಧೈರ್ಯ ನನಗಂತೂ ಇಲ್ಲ, ಒಂದು ಎಳೆ ಕೇಳಿ ಮನೆಗೆ ತರುತ್ತೇನೆ.

ಏನಾದರೂ ಚೆಲ್ಲಿದಾಗ ಉಜ್ಜುವುದು ನಮ್ಮ ಕೈಯ ಚಾಳಿ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಆಳಕ್ಕೂ ಇಳಿಯುತ್ತದೆ. ಒಣ ಅರಿವೆಯನ್ನು ಒತ್ತಿ ಹೀರಿಸಬೇಕು. ಎಣ್ಣೆ ಬಿದ್ದರೆ ಕಡಲೆಹಿಟ್ಟನ್ನೋ ಜೋಳದ ಹಿಟ್ಟನ್ನೋ ಧಾರಾಳವಾಗಿ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಝಾಡಿಸಿ. ಅರಿಶಿನದ ವಿಷಯ ಮಾತ್ರ ಬೇರೆ. ಒಂದು ಯುಗಾದಿಗೆ ಸಾರಿನ ಬಟ್ಟಲು ನವಿಲಿನ ಮೈಮೇಲೆಯೇ ಮಗುಚಿತು. ನನ್ನ ನಾದಿನಿ ಪಾಪ, ಓಡಿ ಹೋಗಿ ಬಟ್ಟೆ ಸೋಪು ತಂದು ತಿಕ್ಕಿದಳು. ಹಳದಿ ಕಲೆ ನೋಡನೋಡುತ್ತ ಕೆಂಪಾಯಿತು. ಅವಳ ಮುಖ ಬಿಳಿಚಿಕೊಂಡಿತು. ನಾವು ಆರತಿಯ ನೀರಿಗೆ ಅರಿಶಿನ ಹಾಕಿ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಾಗುವುದಿಲ್ಲವೇ, ಅದೇ ಇದು. ಸುಣ್ಣದಂತೆ ಸೋಪೂ ಕ್ಷಾರ. ಬರೀ ನೀರಿನಲ್ಲಿ ಸೋಪನ್ನು ತೊಳೆದು ತೆಗೆದರೆ ಮತ್ತೆ ಹಳದಿಗೆ ಬರುತ್ತದೆ. ಹಳದಿಗೆ ಮದ್ದು ಬಿಸಿಲು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಕಲೆಯಷ್ಟೇ ಕಾಣುವಂತೆ ಉಳಿದ ಭಾಗಕ್ಕೆ ಹಳೆಯ ಸೀರೆ ಮುಚ್ಚಿ ಮೂರು ದಿನ ಬಿಸಿಲಿಗಿಟ್ಟೆವು. ಈಗ ನವಿಲಿನ ಮೇಲೆ ಕಲೆ ಎಲ್ಲಿತ್ತು ಎಂದು ನನಗೂ ತೋರಿಸಲು ಬಾರದು.

ಎತ್ತಿಡುವುದಾದರೆ ಮಡಚಬೇಡಿ, ಸುತ್ತಿ. ಮಡಿಕೆಯ ಗೆರೆಯಲ್ಲೇ ಮೊದಲು ನೂಲು ಹರಿಯುತ್ತದೆ. ಹೊರಗೆ ಪ್ಲಾಸ್ಟಿಕ್ ಬೇಡ, ಹಳೆಯ ಕಾಟನ್ ಸೀರೆ ಸಾಕು. ಉಣ್ಣೆಯನ್ನು ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಯಾರೂ ಅಲುಗಾಡಿಸದ ಜಾಗ. ನಮ್ಮ ಉಣ್ಣೆಯ ಕಾರ್ಪೆಟ್ಟಿಗೆ ಹುಳು ಬಿದ್ದದ್ದು ಜನ ಓಡಾಡುವ ನಡುವಿನಲ್ಲಲ್ಲ, ದಿವಾನದ ಅಡಿಯಲ್ಲಿ. ನಾನು ಬೇವಿನ ಎಲೆ ಇಡುತ್ತೇನೆ, ತಾಯಿ ಇಡುತ್ತಿದ್ದಳು ಎಂಬ ಕಾರಣಕ್ಕೆ. ಆದರೆ ನಿಜವಾಗಿ ಕಾಯುವುದು ಎರಡು ತಿಂಗಳಿಗೊಮ್ಮೆ ಬಿಚ್ಚಿ ಬಿಸಿಲಿಗೆ ಹಾಕುವುದೇ. ಎಳೆಗೂಸು ಇರುವ ಮನೆಯಲ್ಲಿ ನುಸಿಗುಳಿಗೆ ಬಳಸಬೇಡಿ, ಅದರ ಹಬೆ ಕೆಲವು ಮಕ್ಕಳಿಗೆ ರಕ್ತದ ತೊಂದರೆ ತರುತ್ತದೆ.

"ಅಂಗಳ, ಮಾಳಿಗೆ, ಎರಡು ಮಂಚ, ಎಲ್ಲ ನಿಮಗೆ ಸರಿ ಮೌಶಿ, ಏಳನೆಯ ಮಹಡಿಯ ಫ್ಲಾಟಿನಲ್ಲಿ ನಾನೇನು ಮಾಡಲಿ?" ಎಂದು ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಕೇಳಿದಳು. ಬಾಲ್ಕನಿಯಿಂದ ಝಾಡಿಸಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ, ಬರಬೇಕಾದದ್ದೇ. ಮಗುಚಿ ಹಾಕಿ ಹಿಂಬದಿಯಿಂದ ವ್ಯಾಕ್ಯೂಮ್ ಮಾಡು, ಒಂದು ಮೈಗೆ ಹತ್ತು ನಿಮಿಷ ಕೊಡು ಎಂದೆ. ವರ್ಷಕ್ಕೊಮ್ಮೆ ಟೆರೇಸಿನ ಬೀಗದ ಕೈ ಕೇಳಿ ನೋಡು ಎಂದೂ ಹೇಳಿದ್ದೆ. ಜನವರಿಯ ಒಂದು ಭಾನುವಾರ ಅವಳಿಂದ ಫೋಟೊ ಬಂತು. ನೀರಿನ ಟ್ಯಾಂಕುಗಳ ನಡುವೆ ಹಾಸಿದ ಬಿಳಿ ಬೆಡ್‌ಶೀಟು, ಅದರ ಮೇಲೆ ಆರಡಿ ಉದ್ದ ನಾಲ್ಕಡಿ ಅಗಲದ ಬೂದು ಆಯತ.