ಪಾನಕ, ಬೀಸಣಿಗೆ, ದೊಡ್ಡಮ್ಮನ ಸುಂದರಕಾಂಡ

ರಾಮನವಮಿಗೆ ದೊಡ್ಡ ಅಡುಗೆ ಏನೂ ಇಲ್ಲ. ಪಾನಕ, ಕೋಸಂಬರಿ, ನೀರು ಮಜ್ಜಿಗೆ. ಅಷ್ಟಕ್ಕೇ ಗಾಂಧಿಬಜಾರಿನಲ್ಲಿ ಒಂದು ಬೆಳಗು ಕಳೆದುಹೋಗುತ್ತದೆ. ಹೆಸರುಬೇಳೆ, ಬೆಲ್ಲ, ಏಲಕ್ಕಿ ಮನೆಯಲ್ಲೇ ಇರುತ್ತವೆ. ಎಳೆ ಸೌತೆಕಾಯಿ, ಹುಳಿ ಇರುವ ಮಾವಿನಕಾಯಿ, ಘಮ ಬರುವ ಕರ್ಬೂಜ, ತುಳಸಿ ಮಾಲೆ ಇವನ್ನು ಮಾತ್ರ ನಿಂತು ಆರಿಸಬೇಕು. ಬೇಲದ ಹಣ್ಣನ್ನಂತೂ ಹುಡುಕಬೇಕು. ಎಲ್ಲ ಗಾಡಿಯವರೂ ಅದನ್ನು ಇಡುವುದಿಲ್ಲ. ಸಿಕ್ಕರೆ ಕೈಯೆತ್ತರದಿಂದ ನೆಲಕ್ಕೆ ಬಿಟ್ಟು ನೋಡಿ. ಪುಟಿದರೆ ಕಾಯಿ, ದಪ್ ಅಂತ ಕೂತರೆ ಹಣ್ಣು. ಇದು ದೊಡ್ಡಮ್ಮ ಕಲಿಸಿದ್ದು.

ಈ ಸಲ ಪೂಜೆ ಚಾಮರಾಜಪೇಟೆಯ ದೊಡ್ಡಮ್ಮನ ಮನೆಯಲ್ಲೇ ಅಂತ ಮೊದಲೇ ಮಾತಾಗಿತ್ತು. ದಾರಿಯಲ್ಲಿ ಅವರ ಮಾತ್ರೆ ತಗೊಂಡು, ರಿಪೇರಿಗೆ ಕೊಟ್ಟಿದ್ದ ಕನ್ನಡಕ ಇಸ್ಕೊಂಡು, ಪರೀಕ್ಷೆ ಮುಗಿಸಿ ಬಂದ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹನ್ನೆರಡರೊಳಗೆ ಮನೆ ಸೇರಬೇಕಿತ್ತು. ರಾಮ ಹುಟ್ಟಿದ್ದು ಚೈತ್ರ ಶುದ್ಧ ನವಮಿ, ಪುನರ್ವಸು ನಕ್ಷತ್ರ, ಕರ್ಕಾಟಕ ಲಗ್ನ, ನಡುಮಧ್ಯಾಹ್ನ. ಹಾಗಾಗಿ ಉಳಿದ ಹಬ್ಬಗಳ ಹಾಗೆ ಬೆಳಿಗ್ಗೆಯೇ ಪೂಜೆ ಮುಗಿಸುವಂತಿಲ್ಲ. ನನಗೆ ಇದು ತುಂಬ ಇಷ್ಟ. ಬಿಸಿಲು ನೆತ್ತಿಗೇರಿ, ಎಲ್ಲರಿಗೂ ಗಂಟಲು ಒಣಗಿ, ನೆರಳು ಹುಡುಕುವ ಹೊತ್ತಿಗೆ ದೇವರು ಹುಟ್ಟುತ್ತಾನೆ. ಆಗ ಅವನಿಗೆ ನೈವೇದ್ಯ ಮಾಡುವುದು ತಣ್ಣಗಿರುವುದನ್ನೇ, ದಾನ ಕೊಡುವುದು ಬೀಸಣಿಗೆಯನ್ನೇ.

ದೊಡ್ಡಮ್ಮನದು ಬಹಳ ಹಳೆಯ ವ್ರತ. ಯುಗಾದಿಯ ದಿನ ಸುಂದರಕಾಂಡ ಹಿಡಿದರೆ ನವಮಿಗೆ ಮುಗಿಸಿ, ಪಟ್ಟಾಭಿಷೇಕದ ಸರ್ಗ ಓದಿ ಮಂಗಳ ಮಾಡುತ್ತಿದ್ದರು. ಅರವತ್ತೆಂಟು ಸರ್ಗ, ಒಂಬತ್ತು ದಿನ. ಸಂಜೆ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದ ಕಚೇರಿಗೆ ನಡೆದೇ ಹೋಗುತ್ತಿದ್ದರು. ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತ ಅದು. ಈಗ ಮಂಡಿ ಬಾಗುವುದಿಲ್ಲ, ಕಣ್ಣಿಗೆ ದಪ್ಪ ಅಕ್ಷರವೂ ಸರಿಯಾಗಿ ಕಾಣುವುದಿಲ್ಲ. ಯುಗಾದಿಗೆ ಮುಂಚೆ ಫೋನಿನಲ್ಲಿ "ಈ ಸಲ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟು ನಮಸ್ಕಾರ ಮಾಡ್ತೀನಿ ಕಣೆ, ಅಷ್ಟೇ ನನ್ನ ಕೈಲಾಗೋದು" ಅಂದರು. ನಮಗೆಲ್ಲ ಕರುಳು ಹಿಂಡಿದ ಹಾಗಾಯಿತು. ಅಕ್ಕ, ಅತ್ತಿಗೆ, ನಾನು ಸರ್ಗ ಹಂಚಿಕೊಂಡು ದಿನಾ ಬೆಳಿಗ್ಗೆ ಫೋನಿನಲ್ಲೇ ಓದಿ ಹೇಳಿದೆವು. ದೊಡ್ಡಮ್ಮ ದೇವರ ಮುಂದೆ ಕುರ್ಚಿ ಹಾಕಿಕೊಂಡು, ಫೋನಿನ ಸ್ಪೀಕರ್ ಹಾಕಿಸಿಕೊಂಡು ಕೇಳುತ್ತಿದ್ದರು. ನಾವು ಶ್ಲೋಕದ ನಡುವೆ ತಡವರಿಸಿದರೆ ಉಳಿದರ್ಧ ಆ ಕಡೆಯಿಂದ ಬರುತ್ತಿತ್ತು, ನಿಧಾನಕ್ಕೆ, ಒಂದಕ್ಷರ ತಪ್ಪದೆ.

ಅಶೋಕವನದ ಭಾಗ ಓದುವಾಗಲೇ ನನಗೆ ಒಂದು ವಿಷಯ ಹೊಳೆದದ್ದು. ಸೀತೆ ಬದುಕುವ ಆಸೆಯನ್ನೇ ಬಿಟ್ಟು, ತನ್ನ ಜಡೆಯಿಂದಲೇ ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಬಂದಿರುತ್ತಾಳೆ. ಹನುಮಂತ ಶಿಂಶುಪಾ ಮರದ ಮೇಲೆ ಕೂತು ಎಲ್ಲ ನೋಡುತ್ತಿದ್ದಾನೆ. ರಾಮನ ಉಂಗುರ ಅವನ ಹತ್ತಿರವೇ ಇದೆ, ಅಲ್ವಾ? ಆದರೆ ಅದನ್ನು ಮೊದಲೇ ತೆಗೆದು ಕೊಡುವುದಿಲ್ಲ. ಎದುರಿಗೆ ಬಂದು ನಿಲ್ಲುವುದೂ ಇಲ್ಲ. ಅವಳು ಹೆದರಬಾರದು ಅಂತ, ಅವಳಿಗೆ ಕೇಳಿಸುವಷ್ಟೇ ದನಿಯಲ್ಲಿ, ದಶರಥ ಅಂತ ಒಬ್ಬ ರಾಜ ಇದ್ದ ಅನ್ನುವಲ್ಲಿಂದ ರಾಮನ ಕಥೆ ಹೇಳುತ್ತಾನೆ. ಅವಳಿಗೆ ಗೊತ್ತಿಲ್ಲದ ಕಥೆಯೇ? ಅವಳು ಬಾಳಿದ ಕಥೆ ಅದು. ಆದರೂ ಅದನ್ನು ಕೇಳಿದ ಮೇಲೆಯೇ ಅವಳು ತಲೆಯೆತ್ತಿ ಮರದ ಕಡೆ ನೋಡುವುದು. ಉಂಗುರ ಆಮೇಲೆ.

ನಾವು ವಯಸ್ಸಾದವರನ್ನು ನೋಡಲು ಹೋದಾಗ ಮಾತ್ರೆ ತಗೊಂಡ್ರಾ, ನಿದ್ದೆ ಬಂತಾ, ಶುಗರ್ ಎಷ್ಟಿದೆ ಅಂತ ಕೇಳುತ್ತೇವೆ. ಕೇಳಲೇಬೇಕು, ಅದೂ ಪ್ರೀತಿಯೇ. ಆದರೆ ಅವರ ಜೀವ ಹಿಡಿದಿಟ್ಟಿರುವ ಕಥೆ ಯಾವುದೋ ಅದನ್ನು ಅವರ ಪಕ್ಕ ಕೂತು ಮತ್ತೆ ಹೇಳುವುದು ಅಪರೂಪ. ದೊಡ್ಡಮ್ಮ ಅಷ್ಟು ವರ್ಷ ನಮಗೆ ಹೇಳಿದ ಕಥೆಯೇ ಇದು. ನಾವು ಅವರಿಗೆ ಕೇಳಿಸುವಷ್ಟು ದನಿಯಲ್ಲಿ ತಿರುಗಿ ಹೇಳಿದೆವು. ಓದಿದವರು ನಾವಾದರೂ ವ್ರತ ಅವರದೇ, ಅದರಲ್ಲಿ ನನಗೆ ಸಂಶಯವೇ ಇಲ್ಲ. ನವವಿಧ ಭಕ್ತಿಯಲ್ಲಿ ಶ್ರವಣವನ್ನೇ ಮೊದಲು ಹೇಳಿದ್ದಾರಲ್ಲ.

ನವಮಿಯ ಮಧ್ಯಾಹ್ನ ಪಟ್ಟಾಭಿಷೇಕದ ಸರ್ಗವನ್ನು ಅವರ ಎದುರಿಗೇ ಕೂತು ಓದಿದೆ. ಮಂಗಳಾರತಿ ಆಯಿತು. ಬೇಲದ ಹಣ್ಣಿನ ಪಾನಕವನ್ನು ದೊಡ್ಡಮ್ಮ ಒಂದು ಉದ್ಧರಣೆಯಷ್ಟು ತಗೊಂಡು ಕಣ್ಣಿಗೊತ್ತಿಕೊಂಡರು. ಸಕ್ಕರೆ ಕಾಯಿಲೆಗೆ ಅಷ್ಟೇ ಸಾಕು. "ನೀವು ಆಮೇಲೆ ಕುಡಿಯಿರಿ, ಮೊದಲು ಬೀದೀಲಿ ಹೋಗೋರಿಗೆ ಕೊಡಿ" ಅಂದರು. ಗೇಟಿನ ಹತ್ತಿರ ಸ್ಟೂಲ್ ಹಾಕಿ ಪಾನಕದ ಕೊಳಗ, ಮಜ್ಜಿಗೆ ಪಾತ್ರೆ ಇಟ್ಟೆವು. ಆಟೋದವರು, ಕೊರಿಯರ್ ಹುಡುಗರು, ಹೂವಿನವರು, ರಸ್ತೆ ಗುಡಿಸುವ ಅಕ್ಕಂದಿರು ಎಲ್ಲರೂ ನಿಂತು ಕುಡಿದು ಹೋದರು. ಬೀಸಣಿಗೆಗಳನ್ನು ದೊಡ್ಡಮ್ಮ ತಾವೇ ಬಾಗಿಲಲ್ಲಿ ಕೂತು ದಕ್ಷಿಣೆ ಇಟ್ಟು ಕೊಟ್ಟರು.

ಹೊರಡುವಾಗ ಮಗಳನ್ನು ಹತ್ತಿರ ಕರೆದು, ಮುಂದಿನ ಯುಗಾದಿಗೆ ನೀನೂ ಒಂದು ಸರ್ಗ ಓದಬೇಕು ಅಂದಿದ್ದಾರೆ. ಅವಳು ಒಪ್ಪಿಕೊಂಡಿದ್ದಾಳೆ. ರಜೆಯಲ್ಲಿ ಬಾಲಕಾಂಡದ ಮೊದಲ ಸರ್ಗದಿಂದ ಪಾಠ ಶುರು, ಸಂಕ್ಷೇಪ ರಾಮಾಯಣ ಅಂತಾರಲ್ಲ, ಆ ನೂರು ಶ್ಲೋಕ. ಪ್ರತಿ ಶನಿವಾರ ದೊಡ್ಡಮ್ಮನ ಮನೆಗೇ ಹೋಗಿ ಕಲಿಯುವುದು.