ಸಂತೆಯ ಮುಗುಡು ನಮ್ಮ ಮುಗುಡಲ್ಲ

ಕೊಡಗಿನ ಸಿದ್ದಾಪುರದ ಸುತ್ತಮುತ್ತಲಿನ ಕಾಫಿ ತೋಟಗಳಲ್ಲಿ ಒಂದೇ ಮೀನನ್ನು ಮೂರು ಹೆಸರಿನಿಂದ ಕರೆಯುವುದನ್ನು ಕೇಳಬಹುದು. ತುಳುವರಿಗೆ ಅದು ಮುಗುಡು, ಮಲಯಾಳಿಗಳಿಗೆ ಮುಷಿ, ಲೈನ್‌ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರಿಗೆ ಮಾಗುರ್. ಹಳೆಯ, ಪ್ರೀತಿಯ ಹೆಸರುಗಳು. ಆದರೆ ನೀಲಿ ಡ್ರಮ್ಮಿನಲ್ಲಿ ಜೀವಂತವಾಗಿ ಹೊರಳುತ್ತಾ ಮಾರಾಟಕ್ಕೆ ಬರುವ ಆ ದೊಡ್ಡ ಚಪ್ಪಟೆ ತಲೆಯ ಮೀನಿಗೆ ಇವುಗಳಲ್ಲಿ ಒಂದೂ ಸಲ್ಲುವುದಿಲ್ಲ. ಅದು ಆಫ್ರಿಕನ್ ಕ್ಯಾಟ್‌ಫಿಶ್. ಉತ್ತರ ಭಾರತದಲ್ಲಿ ಅದನ್ನು ಥಾಯ್ ಮಾಗುರ್ ಎನ್ನುತ್ತಾರೆ, ಅದರ ಹುಟ್ಟೂರು ಆಫ್ರಿಕಾ ಆಗಿದ್ದರೂ.

ಹೆಸರು ಪರಿಚಿತವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪಕ್ಕದ ತೋಟದ ಹಿರಿಯರು ಮೊನ್ನೆ, ‘ನಿಮ್ಮ ಕೆರೆಗೂ ಮುಗುಡು ಮರಿ ಬಿಡಿ, ಬೇಗ ಬೆಳೆಯುತ್ತದೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ.

ಪಶ್ಚಿಮ ಘಟ್ಟದ ನಮ್ಮ ಮುಗುಡು ಒಂದು ಗೇಣಿನಷ್ಟು ಉದ್ದ ಬೆಳೆದರೆ ಹೆಚ್ಚು. ಗದ್ದೆಯಲ್ಲಿ, ತೋಡಿನ ಕೆಸರಿನಲ್ಲಿ ಬದುಕುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಸಾರಿಗೆ ಅದಕ್ಕೆ ಸಮನಾದ ಮೀನು ನನಗೆ ಗೊತ್ತಿಲ್ಲ. ಆಫ್ರಿಕಾದ್ದು ಒಂದೂವರೆ ಮೀಟರಿಗಿಂತಲೂ ಉದ್ದ ಬೆಳೆಯಬಲ್ಲದು. ಎರಡಕ್ಕೂ ನಾಲ್ಕು ಜೋಡಿ ಮೀಸೆ, ಎರಡಕ್ಕೂ ಹುರುಪೆಯಿಲ್ಲ. ಹಾಗಾಗಿ ಮರಿಯಾಗಿದ್ದಾಗ ಗುರುತಿಸುವುದು ಕಷ್ಟ. ದೊಡ್ಡದಾದರೆ ಗೊಂದಲವಿಲ್ಲ: ಕಿಲೋಗಟ್ಟಲೆ ತೂಗುವ ಮೀನು ನಮ್ಮದಲ್ಲ.

ಅದು ಕೆರೆಯಲ್ಲೇ ಉಳಿಯುವುದಾದರೆ ನನಗೆ ಇಷ್ಟು ಸಂಕಟವಿರುತ್ತಿರಲಿಲ್ಲ. ಕಿವಿರುಗಳ ಮೇಲ್ಭಾಗದಲ್ಲಿ ಮರದ ಕೊಂಬೆಗಳಂತೆ ಕವಲೊಡೆದ ಅಂಗವೊಂದು ಅದಕ್ಕಿದೆ. ಅದರ ನೆರವಿನಿಂದ ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ನೆಲ ಒದ್ದೆಯಾಗಿದ್ದರೆ ಈಜುರೆಕ್ಕೆಯ ಮುಳ್ಳನ್ನು ಊರಿಕೊಂಡು ತೆವಳುತ್ತದೆ. ಇಂಥದ್ದಕ್ಕೆ ಕೊಡಗಿನ ಮಳೆಗಾಲ ಎಂದರೆ ತೆರೆದ ಹೆದ್ದಾರಿ. ಕಾಫಿ ಹೂವಿಗೆ ನೀರು ಹಾಯಿಸಲೆಂದು ತೋಡಿದ ನಮ್ಮ ಕೆರೆಗಳೆಲ್ಲ ಜುಲೈನಲ್ಲಿ ಕೋಡಿ ಬೀಳುತ್ತವೆ. ಕೋಡಿಯ ನೀರು ತೋಡಿಗೆ, ತೋಡು ಕಾವೇರಿಗೆ. ಅಲ್ಲಿ ಮೀನು, ಮೊಟ್ಟೆ, ಕಪ್ಪೆ, ಹುಳು, ಸಿಕ್ಕಿದ್ದೆಲ್ಲ ಅದಕ್ಕೆ ಆಹಾರ. ಕಾವೇರಿಯನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ, ಅಳಿವಿನ ಅಂಚಿನಲ್ಲಿರುವ ಡುಬ್ಬದ ಮಹಶೀರ್ ಎಂಬ ದೊಡ್ಡ ಮೀನಿನ ಮರಿಗಳು ಅದರ ಬಾಯಿಗೆ ಬೀಳಬಹುದೆಂದು ನೆನೆದರೇ ನನಗೆ ಹೊಟ್ಟೆ ಉರಿಯುತ್ತದೆ.

ಕೇಂದ್ರ ಸರ್ಕಾರ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದೆ. ಆದರೂ ಮರಿ ಸಿಗುತ್ತದೆ, ಏಕೆಂದರೆ ಕೋಳಿ ಅಂಗಡಿಯ ತ್ಯಾಜ್ಯ ಹಾಕಿದರೂ, ಕೊಳೆತ ನೀರಿನಲ್ಲಿ ಬಿಟ್ಟರೂ ಅದು ಕೊಬ್ಬುತ್ತದೆ.

ಕೆರೆಯಲ್ಲಿ ಮೀನು ಬೇಕೆನ್ನುವವರಿಗೆ ಕಾಟ್ಲಾ, ರೋಹು ಇವೆ. ಮುಗುಡು ಎಂದು ಹೇಳಿ ಯಾರಾದರೂ ಮರಿ ಕೊಡಲು ಬಂದರೆ ಅದರ ವೈಜ್ಞಾನಿಕ ಹೆಸರನ್ನು ಬರೆದುಕೊಡಲು ಕೇಳಿ. ಕ್ಲಾರಿಯಾಸ್ ಗ್ಯಾರಿಪೈನಸ್ ಎಂದಿದ್ದರೆ ಆಫ್ರಿಕಾದ್ದು. ಬರೆದುಕೊಡಲು ಹಿಂಜರಿದರೂ ಕೊಳ್ಳಬೇಡಿ. ಈಗಾಗಲೇ ತಂದು ಟ್ಯಾಂಕಿನಲ್ಲಿ ಇಟ್ಟಿದ್ದರೆ, ಸಾಕಾಯಿತೆಂದು ದಯವಿಟ್ಟು ತೋಡಿಗೆ ಬಿಡಬೇಡಿ. ಹಿಡಿದು ಸಾರು ಮಾಡಿ.